ಬೃಹತ್ ರೂಟರ್‌ಗಳ ಮಾರುಕಟ್ಟೆ: ಎರಡನೆಯ ತಯಾರಕನಿಗೆ ಸಿಕ್ಕ ಎಡೆ

ಅಂತರ್ಜಾಲವಿಲ್ಲದೆ ಒಂದು ದಿನದ ವ್ಯವಹಾರವೂ ನಡೆಯದಂತಹ ಸ್ಥಿತಿಗೆ ನಮ್ಮ ವಾಣಿಜ್ಯ ಪ್ರಪಂಚ ಬಂದು ತಲುಪಿದೆ. ತೆರಿಗೆ ವಿವರಪಟ್ಟಿ ಸಲ್ಲಿಸುವುದು, ಬ್ಯಾಂಕಿನ ಹಣ ವರ್ಗಾವಣೆ, ಟೆಂಡರು ಹಾಕುವುದು, ಸರಕಿನ ವಿಚಾರಣೆ ಎಲ್ಲವೂ ಅದರ ಮೂಲಕವೇ ಆಗುತ್ತಿವೆ. ಆದರೆ ಈ ಮಾಹಿತಿಯನ್ನೆಲ್ಲ ಊರಿನಿಂದ ಊರಿಗೆ, ಖಂಡದಿಂದ ಖಂಡಕ್ಕೆ ದಾಟಿಸುವ ಯಂತ್ರಗಳನ್ನು ತಯಾರಿಸುವವರು ಯಾರು, ಅವರ ನಡುವಿನ ಪೈಪೋಟಿ ಯಾವ ಬಗೆಯದು ಎಂಬ ವಿಷಯ ನಮ್ಮಲ್ಲಿ ಚರ್ಚೆಗೆ ಬರುವುದು ಅಪರೂಪ. ಇಲ್ಲಿ ಹೇಳಹೊರಟಿರುವುದು ಅಂಗಡಿಯ ಗೋಡೆಗೆ ತೂಗುಹಾಕುವ ಒಂದೆರಡು ಸಾವಿರ ರೂಪಾಯಿಯ ಪೆಟ್ಟಿಗೆಯ ಮಾತಲ್ಲ. ದೂರಸಂಪರ್ಕ ಕಂಪನಿಗಳ ಕೇಂದ್ರಗಳಲ್ಲಿ ಬೀರುವಿನ ಎತ್ತರಕ್ಕೆ ನಿಂತು, ಲಕ್ಷಾಂತರ ಗ್ರಾಹಕರ ಸಂಚಾರವನ್ನು ಒಟ್ಟಿಗೆ ಹೊರುವ ಬೃಹತ್ ರೂಟರ್‌ಗಳ ಮಾತು.

ಈ ಮಾರುಕಟ್ಟೆಯ ಸ್ವರೂಪವೇ ಬೇರೆ. ಇಲ್ಲಿ ದೊಡ್ಡ ಪ್ರಮಾಣದಲ್ಲಿ ಕೊಳ್ಳುವವರು ಇಡೀ ಪ್ರಪಂಚದಲ್ಲಿ ಕೆಲವೇ ಮಂದಿ. ಮಾರುವವರು ಅವರಿಗಿಂತಲೂ ಕಡಿಮೆ. ಒಂದು ಹೊಸ ಮಾದರಿಯನ್ನು ರೂಪಿಸಲು ಮೂರು ನಾಲ್ಕು ವರ್ಷಗಳು ಹಿಡಿಯುತ್ತವೆ. ಕೊಂಡ ಯಂತ್ರ ಬಹಳ ಕಾಲ ಸೇವೆಯಲ್ಲಿರುತ್ತದೆ. ಇಂತಹ ಕಡೆ ಮೊದಲು ಬಂದವನೇ ಎಲ್ಲವನ್ನೂ ಬಾಚಿಕೊಂಡು ಹೋಗಬೇಕಿತ್ತು. ಹಾಗಾಗಲಿಲ್ಲ. ಕೊಳ್ಳುವವರೇ ಮುಂದೆ ಬಂದು ಎರಡನೆಯವನೊಬ್ಬನನ್ನು ಬೆಳೆಸಿ ನಿಲ್ಲಿಸಿದರು. ಆದರೆ ಮೂರನೆಯವನಿಗೆ, ನಾಲ್ಕನೆಯವನಿಗೆ ಅದೇ ಔದಾರ್ಯ ತೋರಲಿಲ್ಲ. ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಪೂರೈಸುವ ನಮ್ಮ ಸಣ್ಣ ಉದ್ದಿಮೆದಾರರಿಗೆ ಕೊಳ್ಳುವವರ ಈ ನಡವಳಿಕೆ ಅಪರಿಚಿತವೇನಲ್ಲ. ಅದು ಏಕೆ ಹೀಗೆ, ಮತ್ತು ಕಳೆದ ಹತ್ತು ವರ್ಷಗಳಲ್ಲಿ ಈ ನಿಯಮ ಹೇಗೆ ಸಡಿಲಗೊಳ್ಳುತ್ತಿದೆ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಯಂತ್ರದ ಕೆಲಸವೇನು?

ಲಾರಿ ಪಾರ್ಸೆಲ್ ಕಚೇರಿಯ ಗೋದಾಮನ್ನು ನೆನಪಿಗೆ ತಂದುಕೊಂಡರೆ ರೂಟರಿನ ಕೆಲಸ ಸುಲಭವಾಗಿ ತಿಳಿಯುತ್ತದೆ. ಬೆಂಗಳೂರಿನಲ್ಲಿ ಹೇರಿದ ಪಾರ್ಸೆಲ್ ಬಾಗಲಕೋಟೆಗೆ ಹೋಗಬೇಕಾದರೆ ಹುಬ್ಬಳ್ಳಿಯ ಗೋದಾಮಿನಲ್ಲಿ ಇಳಿದು ಇನ್ನೊಂದು ಲಾರಿಯನ್ನು ಏರುತ್ತದೆಯೆಂದು ಇಟ್ಟುಕೊಳ್ಳೋಣ. ಹುಬ್ಬಳ್ಳಿಯ ಗುಮಾಸ್ತನು ಬಾಗಲಕೋಟೆಯ ವಿಳಾಸದಾರನ ಅಂಗಡಿಯನ್ನು ಕಂಡವನಲ್ಲ. ಮುಂದಿನ ಲಾರಿ ಯಾವುದು ಎಂಬುದಷ್ಟೇ ಅವನಿಗೆ ಬೇಕಾದದ್ದು. ರೂಟರ್ ಕೂಡ ಅಂತಹ ಗುಮಾಸ್ತ. ನಾವು ಕಳುಹಿಸುವ ಪತ್ರವಾಗಲಿ ಚಿತ್ರವಾಗಲಿ ಸಣ್ಣ ಸಣ್ಣ ಪೊಟ್ಟಣಗಳಾಗಿ ಒಡೆದು, ಪ್ರತಿಯೊಂದರ ಮೇಲೂ ಸೇರಬೇಕಾದ ವಿಳಾಸವನ್ನು ಹೊತ್ತು ಹೊರಡುತ್ತದೆ. ದಾರಿಯಲ್ಲಿ ಸಿಗುವ ಪ್ರತಿಯೊಂದು ರೂಟರ್ ಆ ವಿಳಾಸವನ್ನು ಓದಿ, ತನ್ನ ದಾರಿಪಟ್ಟಿಯನ್ನು ನೋಡಿ, ಯಾವ ತಂತಿಯ ಮೂಲಕ ಮುಂದೆ ಕಳುಹಿಸಬೇಕೆಂದು ನಿರ್ಧರಿಸುತ್ತದೆ.

ಕೇಳಲು ಸರಳ. ತೊಡಕಿರುವುದು ಪಟ್ಟಿಯ ಉದ್ದದಲ್ಲಿ ಮತ್ತು ವೇಗದಲ್ಲಿ. 1990ರ ದಶಕದ ಕೊನೆಯ ಹೊತ್ತಿಗೆ ಅಂತರ್ಜಾಲದ ದಾರಿಪಟ್ಟಿಯಲ್ಲಿ ಸುಮಾರು 50 ಸಾವಿರ ನಮೂದುಗಳಿದ್ದವು. ಇಂದು 9 ಲಕ್ಷವನ್ನು ಮೀರಿವೆ. ಸಾಲದ್ದಕ್ಕೆ ನಮೂದುಗಳು ಒಂದರ ಮೇಲೊಂದು ಬೀಳುತ್ತವೆ. ‘ಹುಬ್ಬಳ್ಳಿಯದೆಲ್ಲ ಈ ಲಾರಿಗೆ’ ಎಂದು ಒಂದು ಸಾಲು, ‘ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯದು ಮಾತ್ರ ಆ ವ್ಯಾನಿಗೆ’ ಎಂದು ಇನ್ನೊಂದು ಸಾಲು ಇದ್ದರೆ, ಎರಡನ್ನೂ ಹುಡುಕಿ ಹೆಚ್ಚು ನಿರ್ದಿಷ್ಟವಾದುದನ್ನೇ ಪಾಲಿಸಬೇಕು. 100 ಗಿಗಾಬಿಟ್ ವೇಗದ ಒಂದೇ ಒಂದು ತಂತಿಯಲ್ಲಿ, ಪೊಟ್ಟಣಗಳು ಅತಿ ಚಿಕ್ಕವಾಗಿದ್ದಲ್ಲಿ, ಸೆಕೆಂಡಿಗೆ ಸುಮಾರು 14.8 ಕೋಟಿ ಬಂದು ಬೀಳಬಲ್ಲವು. ಅಂದರೆ ಒಂದೊಂದರ ನಿರ್ಧಾರಕ್ಕೆ ಸಿಗುವ ಕಾಲ ಒಂದು ಸೆಕೆಂಡಿನ ನೂರು ಕೋಟಿ ಭಾಗಗಳಲ್ಲಿ ಏಳು ಭಾಗಕ್ಕಿಂತ ಕಡಿಮೆ. ಸಾಮಾನ್ಯ ಗಣಕಯಂತ್ರದಿಂದ ಈ ಕೆಲಸ ಆಗದು. ಅದಕ್ಕೆಂದೇ ವಿಶೇಷ ಚಿಪ್‌ಗಳನ್ನು ರೂಪಿಸಬೇಕಾಗುತ್ತದೆ. ಈ ಯಂತ್ರದ ವೆಚ್ಚವೆಲ್ಲ ಅಡಗಿರುವುದು ಅಲ್ಲಿ, ಮತ್ತು ಅದನ್ನು ನಡೆಸುವ ತಂತ್ರಾಂಶದಲ್ಲಿ.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡಬೇಕು, ಏಕೆಂದರೆ ಪೈಪೋಟಿಗೆ ಬಾಗಿಲು ತೆರೆದದ್ದು ಅದೇ. ದಾರಿಪಟ್ಟಿಯನ್ನು ಯಾರೋ ಒಬ್ಬರು ಕುಳಿತು ಬರೆಯುವುದಿಲ್ಲ. ರೂಟರ್‌ಗಳು ತಮ್ಮತಮ್ಮಲ್ಲಿ ಮಾತನಾಡಿಕೊಂಡು ಅದನ್ನು ಸಿದ್ಧಪಡಿಸಿಕೊಳ್ಳುತ್ತವೆ. ಬೇರೆ ಬೇರೆ ಕಂಪನಿಗಳ ಜಾಲಗಳ ನಡುವೆ ನಡೆಯುವ ಈ ಮಾತುಕತೆಯ ಭಾಷೆಗೆ ಬಿಜಿಪಿ ಎಂದು ಹೆಸರು. 1989ರ ಜನವರಿಯಲ್ಲಿ ಅಮೆರಿಕದ ಆಸ್ಟಿನ್ ನಗರದಲ್ಲಿ ನಡೆದ ತಜ್ಞರ ಸಭೆಯೊಂದರ ವೇಳೆ ಸಿಸ್ಕೊ ಕಂಪನಿಯ ಕರ್ಕ್ ಲಾಹೀಡ್ ಮತ್ತು ಐಬಿಎಂನ ಯಾಕೊವ್ ರೆಖ್ಟರ್ ಊಟದ ಮೇಜಿನ ಕಾಗದದ ಕರವಸ್ತ್ರಗಳ ಮೇಲೆ ಅದರ ಮೊದಲ ರೂಪರೇಷೆಯನ್ನು ಗೀಚಿದರು. ಅದು ಯಾರೊಬ್ಬರ ಸ್ವತ್ತಾಗಿ ಉಳಿಯದೆ ಬಹಿರಂಗ ಮಾನದಂಡವಾಯಿತು. ಹೀಗಾಗಿ ಸಿಸ್ಕೊ ಯಂತ್ರದ ಪಕ್ಕದಲ್ಲಿ ಬೇರೊಬ್ಬರ ಯಂತ್ರವನ್ನು ತಂದಿಟ್ಟರೂ ಎರಡೂ ಮಾತನಾಡಬಲ್ಲವು.

ಮೊದಲನೆಯವನು, ಎರಡನೆಯವನು

ಸಿಸ್ಕೊ 1984ರಲ್ಲಿ ಸ್ಥಾಪನೆಯಾಯಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಗಣಕಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಲಿಯೊನಾರ್ಡ್ ಬೊಸಾಕ್ ಮತ್ತು ಸ್ಯಾಂಡಿ ಲರ್ನರ್ ದಂಪತಿಗಳು ಇದರ ಸ್ಥಾಪಕರು. 1990ರಲ್ಲಿ ಷೇರು ಮಾರುಕಟ್ಟೆಗೆ ಬಂದ ಅದೇ ವರ್ಷ ಸ್ಥಾಪಕರಿಬ್ಬರೂ ಹೊರನಡೆಯಬೇಕಾಗಿ ಬಂದದ್ದು ಬೇರೆಯೇ ಕಥೆ. 1990ರ ದಶಕದ ಮಧ್ಯಭಾಗದ ಹೊತ್ತಿಗೆ ಅಂತರ್ಜಾಲವೆಂದರೆ ಸಿಸ್ಕೊ ಯಂತ್ರಗಳೇ ಎಂಬಂತಾಗಿತ್ತು. ಅದರ ಬಲ ಯಂತ್ರದಲ್ಲಿ ಮಾತ್ರ ಇರಲಿಲ್ಲ. ಯಂತ್ರಕ್ಕೆ ಆಜ್ಞೆ ಕೊಡುವ ಭಾಷೆಯನ್ನು ಕಲಿತ ಸಾವಿರಾರು ತಂತ್ರಜ್ಞರನ್ನು ಕಂಪನಿ ಬೆಳೆಸಿತ್ತು. ಅವರಿಗಾಗಿ 1993ರಿಂದ ಪರೀಕ್ಷೆಯೊಂದನ್ನೂ ನಡೆಸತೊಡಗಿತ್ತು. ಒಂದು ದೂರಸಂಪರ್ಕ ಕಂಪನಿಯ ಸಿಬ್ಬಂದಿಯೆಲ್ಲ ಒಂದು ಕೈಗೆ ಪಳಗಿದ ಮೇಲೆ ಬೇರೆ ಯಂತ್ರವನ್ನು ಕೊಳ್ಳಬೇಕೆಂದರೆ ಬೆಲೆಯ ವ್ಯತ್ಯಾಸವೊಂದೇ ಸಾಲದು.

ಹೀಗಿದ್ದೂ ದೊಡ್ಡ ಗಿರಾಕಿಗಳು ಅಸಮಾಧಾನಗೊಂಡಿದ್ದರು. ಒಬ್ಬನೇ ಮಾರಾಟಗಾರನಿದ್ದರೆ ಬೆಲೆ ಇಳಿಯುವುದಿಲ್ಲ ಎಂಬುದು ಒಂದು ಕಾರಣ. ಒಬ್ಬನ ತಂತ್ರಾಂಶದಲ್ಲಿ ಒಂದು ದೋಷ ಕಾಣಿಸಿಕೊಂಡರೆ ಇಡೀ ಜಾಲ ಒಂದೇ ಗಳಿಗೆಯಲ್ಲಿ ಕುಸಿಯುತ್ತದೆ ಎಂಬುದು ಇನ್ನೊಂದು, ಮತ್ತು ಹೆಚ್ಚು ಗಂಭೀರವಾದ ಕಾರಣ. ಇದು ಬರಿಯ ಶಂಕೆಯಲ್ಲವೆಂದು ನಂತರದ ವರ್ಷಗಳಲ್ಲಿ ಎರಡೂ ಕಡೆಯಿಂದ ಸಾಬೀತಾಯಿತು. 2011ರ ನವೆಂಬರಿನಲ್ಲಿ ಜುನಿಪರ್ ರೂಟರ್‌ಗಳ ತಂತ್ರಾಂಶದ ದೋಷವೊಂದರಿಂದ ಅಮೆರಿಕದ ಲೆವೆಲ್ ತ್ರೀ ಮುಂತಾದ ಜಾಲಗಳು ಅಸ್ತವ್ಯಸ್ತಗೊಂಡವು. 2014ರ ಆಗಸ್ಟ್ 12ರಂದು ದಾರಿಪಟ್ಟಿ 5 ಲಕ್ಷದ 12 ಸಾವಿರ ನಮೂದುಗಳ ಗಡಿಯನ್ನು ಮುಟ್ಟಿದಾಗ, ಅಷ್ಟೇ ಜಾಗವನ್ನು ಇಟ್ಟುಕೊಂಡಿದ್ದ ಸಿಸ್ಕೊದ ಹಳೆಯ ಯಂತ್ರಗಳು ಅನೇಕ ಕಡೆ ತಡವರಿಸಿದವು.

ಈ ಅಸಮಾಧಾನವನ್ನು ಸರಿಯಾದ ಕಾಲದಲ್ಲಿ ಗುರುತಿಸಿದವರು ಪ್ರದೀಪ್ ಸಿಂಧು. ಐಐಟಿ ಕಾನ್ಪುರದಲ್ಲಿ ಓದಿ, ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ಇವರು 1996ರ ಫೆಬ್ರವರಿಯಲ್ಲಿ ಜುನಿಪರ್ ನೆಟ್‌ವರ್ಕ್ಸ್ ಕಂಪನಿಯನ್ನು ಆರಂಭಿಸಿದರು. ಇವರ ವಿಚಾರ ಹೀಗಿತ್ತು: ದಾರಿಯನ್ನು ಲೆಕ್ಕಹಾಕುವ ಕೆಲಸ ಮತ್ತು ಪೊಟ್ಟಣವನ್ನು ದಾಟಿಸುವ ಕೆಲಸ ಎರಡನ್ನೂ ಸಂಪೂರ್ಣವಾಗಿ ಬೇರ್ಪಡಿಸಬೇಕು, ದಾಟಿಸುವುದನ್ನು ಚಿಪ್‌ಗಳಿಗೇ ಬಿಡಬೇಕು. ಹಳೆಯ ಯಂತ್ರಗಳಲ್ಲಿ ದಾರಿಗಳು ಪದೇ ಪದೇ ಬದಲಾದಾಗ ಲೆಕ್ಕಹಾಕುವ ಭಾಗ ಬಳಲಿ, ಸಾಗಣೆಗೂ ತಡೆಯಾಗುತ್ತಿತ್ತು. 1998ರ ಸೆಪ್ಟೆಂಬರಿನಲ್ಲಿ ಬಂದ ಜುನಿಪರಿನ ಮೊದಲ ಯಂತ್ರ ಎಂ40 ಸೆಕೆಂಡಿಗೆ 4 ಕೋಟಿ ಪೊಟ್ಟಣಗಳನ್ನು ದಾಟಿಸುವುದೆಂದು ಪ್ರಕಟಿಸಲಾಯಿತು. ಕಂಪನಿಗೆ ಸ್ವಂತ ಕಾರ್ಖಾನೆ ಇರಲಿಲ್ಲ. ಚಿಪ್‌ಗಳನ್ನು ಐಬಿಎಂನಿಂದ ಮಾಡಿಸಿ, ಜೋಡಣೆಯನ್ನು ಗುತ್ತಿಗೆಗೆ ಕೊಟ್ಟಿತ್ತು.

ಬಂಡವಾಳ ಎಲ್ಲಿಂದ ಬಂತೆಂಬುದು ಇನ್ನೂ ಸ್ವಾರಸ್ಯಕರ. ಹೂಡಿಕೆ ಸಂಸ್ಥೆಗಳ ಜೊತೆಗೆ ಸೀಮೆನ್ಸ್, ಎರಿಕ್ಸನ್, ನಾರ್ಟೆಲ್, ತ್ರೀಕಾಮ್ ಇವೇ ಮೊದಲಾದ ದೊಡ್ಡ ಉಪಕರಣ ತಯಾರಕರು, ಯಂತ್ರ ಇನ್ನೂ ಮಾರುಕಟ್ಟೆಗೆ ಬರುವ ಮೊದಲೇ, ಒಟ್ಟು 4 ಕೋಟಿ ಡಾಲರ್ ತೊಡಗಿಸಿದರು. ದೂರಸಂಪರ್ಕ ಸೇವೆ ನೀಡುವ ಕಂಪನಿಗಳೂ ಹಣ ಹಾಕಿದವು. ಸಿಸ್ಕೊದ ಪ್ರತಿಸ್ಪರ್ಧಿಗಳೂ ಗಿರಾಕಿಗಳೂ ಸೇರಿ ಒಬ್ಬ ಎರಡನೆಯ ತಯಾರಕನಿಗೆ ಮುಂಗಡ ಕೊಟ್ಟ ಹಾಗಾಯಿತು. ಪರಿಣಾಮವನ್ನು ಅಂಕಿಗಳೇ ಹೇಳುತ್ತವೆ. 1998ರಲ್ಲಿ 38 ಲಕ್ಷ ಡಾಲರ್ ಇದ್ದ ಜುನಿಪರಿನ ಮಾರಾಟ 1999ರಲ್ಲಿ 10 ಕೋಟಿಯನ್ನು ದಾಟಿತು; 2000ದಲ್ಲಿ 67 ಕೋಟಿ ಡಾಲರಾಯಿತು. 2001ರ ಹೊತ್ತಿಗೆ ಅತಿ ದೊಡ್ಡ ರೂಟರ್‌ಗಳ ಮಾರಾಟದಲ್ಲಿ ಸುಮಾರು ಮೂರನೆಯ ಒಂದು ಪಾಲು ಅದರದಾಗಿತ್ತು.

ಉದ್ದರಿ, ದಾಸ್ತಾನು, ಮತ್ತು ಮೂರನೆಯವರ ಗತಿ

ಜುನಿಪರಿನ ಯಶಸ್ಸನ್ನು ಕಂಡು ಹಿಂದೆಯೇ ಹಲವರು ಬಂದರು. ಮ್ಯಾಸಚೂಸೆಟ್ಸಿನ ಅವೀಸಿ, ಅಂತರ್ಜಾಲದ ಪೂರ್ವಜವಾದ ಆರ್ಪಾನೆಟ್ ಕಟ್ಟಿದವರಲ್ಲಿ ಪ್ರಮುಖರಾದ ಲ್ಯಾರಿ ರಾಬರ್ಟ್ಸ್ ಆರಂಭಿಸಿದ ಕ್ಯಾಸ್ಪಿಯನ್, ಸಿಸ್ಕೊ ಮತ್ತು ಜುನಿಪರ್ ಎರಡರಲ್ಲೂ ಕೆಲಸ ಮಾಡಿದ್ದ ಟೋನಿ ಲೀ ಪಾಲುಗಾರರಾಗಿದ್ದ ಪ್ರಾಕೆಟ್, ಪ್ಲೂರಿಸ್, ಇನ್ನೂ ಅನೇಕ. ಹಳೆಯ ದೂರವಾಣಿ ಉಪಕರಣಗಳ ದೊಡ್ಡ ತಯಾರಕನಾದ ಲೂಸೆಂಟ್ 1999ರಲ್ಲಿ ನೆಕ್ಸಾಬಿಟ್ ಎಂಬ ಹೊಸ ಕಂಪನಿಯನ್ನು ಸುಮಾರು 90 ಕೋಟಿ ಡಾಲರ್ ಬೆಲೆಯ ಷೇರು ಕೊಟ್ಟು ಕೊಂಡಿತು. ಇವರಲ್ಲಿ ಕೆಲವರ ಯಂತ್ರಗಳು ರಚನೆಯ ದೃಷ್ಟಿಯಿಂದ ಮುಂಚೂಣಿಯಲ್ಲಿದ್ದವೆಂಬುದನ್ನು ಒಪ್ಪಲೇಬೇಕು.

ಆದರೆ ಕಾಲ ಕೂಡಿ ಬರಲಿಲ್ಲ. 2000ದ ಮಾರ್ಚಿನಲ್ಲಿ ಸಿಸ್ಕೊ ಷೇರುಗಳ ಒಟ್ಟು ಮೌಲ್ಯ 50 ಸಾವಿರ ಕೋಟಿ ಡಾಲರನ್ನು ಮೀರಿ, ಕೆಲದಿನ ಅದು ಪ್ರಪಂಚದ ಅತ್ಯಂತ ಬೆಲೆಬಾಳುವ ಕಂಪನಿಯೆನಿಸಿತ್ತು. ಆ ವರ್ಷ ಬಿಡಿಭಾಗಗಳ ಅಭಾವ ತೀವ್ರವಾಗಿತ್ತು. ಎಲ್ಲಿ ಸಿಗುವುದೋ ಎಂದು ಗಿರಾಕಿಗಳು ಒಂದೇ ಅಗತ್ಯಕ್ಕೆ ಎರಡು ಮೂರು ಕಡೆ ಆರ್ಡರ್ ಕೊಟ್ಟಿದ್ದರು. ಆ ಆರ್ಡರ್‌ಗಳನ್ನು ನಿಜವಾದ ಬೇಡಿಕೆಯೆಂದು ತಿಳಿದ ಸಿಸ್ಕೊ, ಪೂರೈಕೆದಾರರಿಗೂ ಗುತ್ತಿಗೆ ತಯಾರಕರಿಗೂ ದೀರ್ಘಕಾಲದ ಖರೀದಿಯ ಮಾತು ಕೊಟ್ಟಿತ್ತು. ಹತ್ತಿ, ಅಡಿಕೆ, ಕಬ್ಬಿಣ ಯಾವುದೇ ಸರಕಿನ ವ್ಯಾಪಾರಿಯಾದರೂ ಕೊರತೆಯ ಕಾಲದ ಆರ್ಡರನ್ನು ಇಷ್ಟು ನಂಬುತ್ತಿರಲಿಲ್ಲವೇನೋ! 2001ರ ಆರಂಭದಲ್ಲಿ ಸಿಸ್ಕೊದ ಮಾರಾಟ ಒಂದೇ ತ್ರೈಮಾಸಿಕದಲ್ಲಿ ಶೇ. 30ರಷ್ಟು ಕುಸಿಯಿತು. 225 ಕೋಟಿ ಡಾಲರ್ ಬೆಲೆಯ ದಾಸ್ತಾನನ್ನು ನಷ್ಟವೆಂದು ಬರೆದುಹಾಕಬೇಕಾಯಿತು. ಮುಳುಗಿದ ಅಂತರ್ಜಾಲ ಕಂಪನಿಗಳ ಹೆಚ್ಚು ಬಳಸದ ರೂಟರ್‌ಗಳು ಹರಾಜಿಗೆ ಬಂದು, ಸಿಸ್ಕೊ ತನ್ನ ಹಳೆಯ ಸರಕಿನೊಡನೆಯೇ ಪೈಪೋಟಿಗಿಳಿಯಬೇಕಾದ ಪರಿಸ್ಥಿತಿಯೂ ಉಂಟಾಯಿತು.

ಉದ್ದರಿಯ ವಿಷಯ ಇದಕ್ಕಿಂತ ಕಷ್ಟದ್ದು. ಆ ಕಾಲದಲ್ಲಿ ಉಪಕರಣ ತಯಾರಕರೇ ಹೊಸ ದೂರಸಂಪರ್ಕ ಕಂಪನಿಗಳಿಗೆ ಸಾಲ ಕೊಟ್ಟು, ಆ ಸಾಲದ ಹಣದಿಂದಲೇ ತಮ್ಮ ಯಂತ್ರಗಳನ್ನು ಕೊಳ್ಳುವಂತೆ ಮಾಡುತ್ತಿದ್ದರು. ಪುಸ್ತಕದಲ್ಲಿ ಮಾರಾಟ ಏರುತ್ತಿತ್ತು. ಗಲ್ಲಾಪೆಟ್ಟಿಗೆಗೆ ಹಣ ಬರುತ್ತಿರಲಿಲ್ಲ. ಲೂಸೆಂಟ್ ಹೀಗೆ ನೂರಾರು ಕೋಟಿ ಡಾಲರ್‌ಗಳ ಸಾಲದ ಹೊಣೆ ಹೊತ್ತಿತು. ಅದರ ಸಾಲಗಾರ ಗಿರಾಕಿ ವಿನ್‌ಸ್ಟಾರ್ 2001ರ ಏಪ್ರಿಲಿನಲ್ಲಿ ದಿವಾಳಿಯಾದಾಗ, ಮುಂದಿನ ಸಾಲದ ಕಂತನ್ನು ಕೊಡದಿದ್ದುದೇ ತನ್ನ ಪತನಕ್ಕೆ ಕಾರಣವೆಂದು ಲೂಸೆಂಟ್ ಮೇಲೆಯೇ ದಾವೆ ಹೂಡಿತು. ನೆಕ್ಸಾಬಿಟ್ ಯಂತ್ರವನ್ನು ಲೂಸೆಂಟ್ ಕೆಲವೇ ವರ್ಷಗಳಲ್ಲಿ ಕೈಬಿಟ್ಟಿತು.

ಹೊಸಬರ ಪೈಕಿ ಪ್ಲೂರಿಸ್ 2002ರಲ್ಲಿ ಮುಚ್ಚಿತು. ಹೂಡಿಕೆದಾರರಿಂದ 25 ಕೋಟಿ ಡಾಲರಿಗೂ ಹೆಚ್ಚು ಪಡೆದಿದ್ದ ಪ್ರಾಕೆಟಿನ ಆಸ್ತಿಯನ್ನು 2004ರ ಜೂನಿನಲ್ಲಿ ಸಿಸ್ಕೊ 8.9 ಕೋಟಿ ಡಾಲರಿಗೆ ಕೊಂಡುಕೊಂಡಿತು. ಕ್ಯಾಸ್ಪಿಯನ್ 2006ರವರೆಗೆ ಎಳೆದಾಡಿ ನಿಂತಿತು. ಅವೀಸಿಯ ಕಥೆ ಮಾತ್ರ ವಿವರವಾಗಿ ಹೇಳುವಂತಹದು, ಏಕೆಂದರೆ ಅದು ಸೋತದ್ದು ಯಂತ್ರದಲ್ಲಿಯೂ ಅಲ್ಲ, ಬೆಲೆಯಲ್ಲಿಯೂ ಅಲ್ಲ. ಅಮೆರಿಕದ ಅತಿ ದೊಡ್ಡ ದೂರಸಂಪರ್ಕ ಕಂಪನಿಗಳಲ್ಲೊಂದಾದ ಎಟಿ ಅಂಡ್ ಟಿ ಅವೀಸಿಯ ಯಂತ್ರಗಳನ್ನು ತನ್ನ ಬೆನ್ನೆಲುಬಿನಂತಹ ಜಾಲದಲ್ಲಿಯೇ ಅಳವಡಿಸಿತ್ತು. ಯಾವ ತಯಾರಕನಾದರೂ ಹೆಮ್ಮೆಪಡುವಂತಹ ಗಿರಾಕಿ. ಆದರೆ ಮಾರಾಟದ ಬಹುಪಾಲು ಆ ಒಬ್ಬ ಗಿರಾಕಿಯಿಂದಲೇ ಬರುತ್ತಿತ್ತು. ಆ ಗಿರಾಕಿ ಮುಂದಿನ ಪೀಳಿಗೆಯ 40 ಗಿಗಾಬಿಟ್ ಜಾಲಕ್ಕೆ ಸಿಸ್ಕೊ ಯಂತ್ರವನ್ನು ಆರಿಸಿದೊಡನೆ ಅವೀಸಿಗೆ ಉಳಿದದ್ದು ಕಡೆಯ ಖರೀದಿಗಳ ಲಾಭ ಮಾತ್ರ. 2007ರಲ್ಲಿ ರೂಟರ್ ವ್ಯವಹಾರದಿಂದ ಹಿಂದೆ ಸರಿಯುವುದಾಗಿ ಪ್ರಕಟಿಸಿ, ಸೋಪ್‌ಸ್ಟೋನ್ ಎಂದು ಹೆಸರು ಬದಲಿಸಿಕೊಂಡು ತಂತ್ರಾಂಶಕ್ಕೆ ತಿರುಗಿತು. 2009ರಲ್ಲಿ ಅದನ್ನೂ ವಿಸರ್ಜಿಸಲು ತೀರ್ಮಾನಿಸಿತು.

ಗಿರಾಕಿಗಳ ಕಡೆಯಿಂದ ನೋಡಿದರೆ ಇದರಲ್ಲಿ ಅನ್ಯಾಯವೇನೂ ಕಾಣದು. ಪ್ರತಿಯೊಂದು ಹೊಸ ತಯಾರಿಕೆಗೂ ಬೇರೆ ಬಿಡಿಭಾಗಗಳ ದಾಸ್ತಾನು ಬೇಕು, ಬೇರೆ ತರಬೇತಿ ಬೇಕು, ಪ್ರಯೋಗಾಲಯದಲ್ಲಿ ತಿಂಗಳುಗಟ್ಟಲೆ ಪರೀಕ್ಷೆ ಬೇಕು. ಎರಡನೆಯವನು ಬಂದಾಗ ಬೆಲೆ ಇಳಿಯುತ್ತದೆ, ಅಪಾಯ ಹಂಚಿಹೋಗುತ್ತದೆ. ಮೂರನೆಯವನಿಂದ ಆಗುವ ಹೆಚ್ಚಿನ ಉಳಿತಾಯ ಅಲ್ಪ, ಖರ್ಚು ಮಾತ್ರ ಪೂರ್ತಿ. ಮೇಲಾಗಿ, ಹತ್ತು ವರ್ಷ ಇಟ್ಟುಕೊಳ್ಳಬೇಕಾದ ಯಂತ್ರವನ್ನು ಮಾರುವವನು ಹತ್ತು ವರ್ಷ ಇರುತ್ತಾನೆಯೇ ಎಂಬ ಪ್ರಶ್ನೆಗೆ ಹೊಸಬನಲ್ಲಿ ಉತ್ತರವಿರುವುದಿಲ್ಲ. 2001ರ ನಂತರವಂತೂ ಖರೀದಿ ವಿಭಾಗಗಳು ಮೊದಲು ಓದಿದ್ದು ಮಾರಾಟಗಾರನ ಲೆಕ್ಕಪತ್ರವನ್ನು. ಯಂತ್ರದ ಗುಣವಿವರಣೆ ಆಮೇಲೆ.

ಮೊದಲನೆಯವನ ಮರುದಾಳಿ

ಜುನಿಪರಿಗೂ ಪೆಟ್ಟು ಬೀಳದಿರಲಿಲ್ಲ. 2001ರಲ್ಲಿ 88 ಕೋಟಿ ಡಾಲರ್ ಮೀರಿದ್ದ ಮಾರಾಟ ಮರುವರ್ಷ 54 ಕೋಟಿಯ ಆಸುಪಾಸಿಗೆ ಇಳಿಯಿತು. ಆದರೂ 2002ರಲ್ಲಿ ಟಿ640 ಎಂಬ ಹೊಸ ಯಂತ್ರವನ್ನು ತಂದು ಅದು ನಿಂತುಕೊಂಡಿತು. ಸಿಸ್ಕೊದ ಉತ್ತರ 2004ರ ಮೇ ತಿಂಗಳಲ್ಲಿ ಬಂತು. ನಾಲ್ಕು ವರ್ಷಗಳ ಕಾಲ ಸುಮಾರು 50 ಕೋಟಿ ಡಾಲರ್ ವೆಚ್ಚದಲ್ಲಿ ರೂಪಿಸಿದ ಸಿಆರ್‌ಎಸ್-1 ಯಂತ್ರದ ಆರಂಭಿಕ ಬೆಲೆಯೇ 4.5 ಲಕ್ಷ ಡಾಲರ್. ಅದರ ಸಾಮರ್ಥ್ಯ ಸೆಕೆಂಡಿಗೆ 92 ಟೆರಾಬಿಟ್ ಎಂದು ಸಾರಲಾಯಿತು. ಒಂದು ಟೆರಾಬಿಟ್ ಎಂದರೆ ಒಂದು ಲಕ್ಷ ಕೋಟಿ ಬಿಟ್.

ಈ 92ರ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು. 72 ಬೀರುಗಳು, ಬೀರುವಿಗೆ 16 ಫಲಕಗಳು, ಫಲಕಕ್ಕೆ 40 ಗಿಗಾಬಿಟ್. ಗುಣಿಸಿದರೆ ಬರುವುದು 46 ಟೆರಾಬಿಟ್. ಒಳಬಂದದ್ದನ್ನು ಒಮ್ಮೆ, ಅದೇ ಹೊರಹೋದಾಗ ಇನ್ನೊಮ್ಮೆ ಎಣಿಸಿದಾಗ ಅದು 92 ಆಗುತ್ತದೆ. ಮಂಡಿಗೆ ಬಂದ ಮೂಟೆಯನ್ನು ಬಾಗಿಲಲ್ಲಿ ತೂಗಿ, ಅದೇ ಮೂಟೆ ಲಾರಿ ಹತ್ತುವಾಗ ಮತ್ತೆ ತೂಗಿ ಎರಡನ್ನೂ ಕೂಡಿಸಿದಂತೆ. ಇದರಲ್ಲಿ ಮೋಸವೇನಿಲ್ಲ, ಈ ಉದ್ಯಮದಲ್ಲಿ ಎಲ್ಲರೂ ಹಾಗೆಯೇ ಎಣಿಸುತ್ತಿದ್ದರು. ಟೆಂಡರಿನಲ್ಲಿ ಎರಡು ಯಂತ್ರಗಳನ್ನು ಹೋಲಿಸುವಾಗ ಮಾತ್ರ ಇಬ್ಬರೂ ಒಂದೇ ರೀತಿ ಎಣಿಸಿದ್ದಾರೆಯೇ ಎಂದು ಕೇಳಿಕೊಳ್ಳಬೇಕಾಗುತ್ತದೆ.

ಮೂರನೆಯವನಿಗೆ ಜಾಗವಿಲ್ಲ ಎಂಬ ಮಾತಿಗೆ ಎರಡು ಅಪವಾದಗಳಿವೆ. ಇಬ್ಬರೂ ಮುಂಬಾಗಿಲಿನಿಂದ ಬರಲಿಲ್ಲ. ಫ್ರಾನ್ಸಿನ ಅಲ್ಕಾಟೆಲ್ 2003ರಲ್ಲಿ ಟೈಮೆಟ್ರಾ ಎಂಬ ಸಣ್ಣ ಕಂಪನಿಯನ್ನು 15 ಕೋಟಿ ಡಾಲರ್ ಮೌಲ್ಯಕ್ಕೆ ಕೊಂಡು, ಜಾಲದ ಮಧ್ಯಭಾಗವನ್ನು ಬಿಟ್ಟು ಗ್ರಾಹಕರಿಗೆ ಹತ್ತಿರವಾದ ಅಂಚಿನಲ್ಲಿ ಮಾರಾಟ ಆರಂಭಿಸಿತು. ದೂರವಾಣಿ ಕಂಪನಿಗಳಿಗೆ ಅದಾಗಲೇ ಬೇರೆ ಉಪಕರಣಗಳನ್ನು ಪೂರೈಸುತ್ತಿದ್ದುದರಿಂದ ನಂಬಿಕೆಯ ಪ್ರಶ್ನೆ ಏಳಲಿಲ್ಲ. ಜಾಲದ ಮಧ್ಯಭಾಗಕ್ಕೆ ಬೇಕಾದ ದೊಡ್ಡ ಯಂತ್ರವನ್ನು ಅದು ತಂದದ್ದು 2012ರಲ್ಲಿ, ಒಂಬತ್ತು ವರ್ಷ ಅಂಚಿನಲ್ಲಿ ಬೇರೂರಿದ ಮೇಲೆ. ಆ ವ್ಯವಹಾರ ಈಗ ನೋಕಿಯಾದ ಕೈಯಲ್ಲಿದೆ. ಇನ್ನೊಬ್ಬರು ಚೀನದ ಹುವಾವೆ. ತನ್ನ ತಂತ್ರಾಂಶವನ್ನು ನಕಲು ಮಾಡಿದ್ದಾರೆಂದು ಸಿಸ್ಕೊ 2003ರ ಜನವರಿಯಲ್ಲಿ ಟೆಕ್ಸಾಸಿನ ನ್ಯಾಯಾಲಯದಲ್ಲಿ ಹುವಾವೆ ವಿರುದ್ಧ ದಾವೆ ಹೂಡಿತು. ಹುವಾವೆ ಕೆಲವು ಸರಕನ್ನು ಹಿಂತೆಗೆದುಕೊಂಡು, ಆಜ್ಞಾಭಾಷೆ ಮತ್ತು ಕೈಪಿಡಿಗಳನ್ನು ಬದಲಿಸಲು ಒಪ್ಪಿದ ಮೇಲೆ 2004ರ ಜುಲೈನಲ್ಲಿ ದಾವೆ ಮುಕ್ತಾಯವಾಯಿತು. ಸ್ವದೇಶದ ವಿಶಾಲ ಮಾರುಕಟ್ಟೆಯ ಬಲವಿದ್ದ ಹುವಾವೆಗೆ ಅಮೆರಿಕದ ಬಾಗಿಲು ಮುಚ್ಚಿದ್ದರೂ ಬೆಳೆಯಲು ತೊಡಕಾಗಲಿಲ್ಲ.

ಚಿಪ್ ಬೇರೆ, ಪೆಟ್ಟಿಗೆ ಬೇರೆ

ಇಲ್ಲಿಯವರೆಗೆ ಹೇಳಿದ್ದು ಚಿಪ್, ಪೆಟ್ಟಿಗೆ, ತಂತ್ರಾಂಶ ಮೂರನ್ನೂ ಒಬ್ಬನೇ ಮಾಡಿ ಮಾರುತ್ತಿದ್ದ ಕಾಲದ ಕಥೆ. ಆ ಗಂಟನ್ನು ಬಿಚ್ಚಿದ್ದು ಚಿಪ್‌ಗಳ ಬಿಡಿ ವ್ಯಾಪಾರ. ಬ್ರಾಡ್‌ಕಾಮ್ ಕಂಪನಿ 2009ರಲ್ಲಿ ಇಸ್ರೇಲಿನ ಡ್ಯೂನ್ ನೆಟ್‌ವರ್ಕ್ಸ್ ಅನ್ನು ಕೊಂಡು, ರೂಟರ್‌ಗೆ ತಕ್ಕ ಚಿಪ್‌ಗಳನ್ನು ಕೇಳಿದವರಿಗೆಲ್ಲ ಮಾರತೊಡಗಿತು. ಕೋಟಿಗಟ್ಟಲೆ ಡಾಲರ್ ಸುರಿದು ಸ್ವಂತ ಚಿಪ್ ಮಾಡುವ ಶಕ್ತಿಯಿಲ್ಲದವರಿಗೂ ಇದರಿಂದ ದಾರಿಯಾಯಿತು. ಈ ದಾರಿಯಲ್ಲಿ ದೊಡ್ಡದಾಗಿ ಬೆಳೆದದ್ದು ಜಯಶ್ರೀ ಉಲ್ಲಾಳ್ ಮುಖ್ಯಸ್ಥೆಯಾಗಿರುವ ಅರಿಸ್ಟಾ. ಇವರು ಸಿಸ್ಕೊದಲ್ಲಿ ಉನ್ನತ ಹುದ್ದೆಯಲ್ಲಿದ್ದು 2008ರಲ್ಲಿ ಅರಿಸ್ಟಾಗೆ ಬಂದವರು. 2014ರ ಡಿಸೆಂಬರಿನಲ್ಲಿ ಸಿಸ್ಕೊ ಇವರ ಮೇಲೂ ದಾವೆ ಹೂಡಿತು. ವಿವಾದದ ಒಂದು ಮುಖ್ಯ ಅಂಶ ಅದೇ ಆಜ್ಞಾಭಾಷೆ: ತಂತ್ರಜ್ಞರ ಬಾಯಲ್ಲಿ ನೆಲೆಸಿದ ಪದಗಳು ಯಾರ ಸ್ವತ್ತು? 2016ರಲ್ಲಿ ಜ್ಯೂರಿ ಈ ವಿಷಯದಲ್ಲಿ ಅರಿಸ್ಟಾ ಪರಿಹಾರ ಕೊಡಬೇಕಾಗಿಲ್ಲ ಎಂದಿತು. ಪೇಟೆಂಟ್ ವ್ಯಾಜ್ಯಗಳೂ ಸೇರಿ ಎಲ್ಲವೂ 2018ರಲ್ಲಿ, ಅರಿಸ್ಟಾ ಸಿಸ್ಕೊಗೆ 40 ಕೋಟಿ ಡಾಲರ್ ಕೊಡುವುದರೊಂದಿಗೆ ರಾಜಿಯಲ್ಲಿ ಮುಗಿದವು.

ಇನ್ನೂ ದೊಡ್ಡ ಸೂಚನೆ ಬಂದದ್ದು 2020ರ ಸೆಪ್ಟೆಂಬರಿನಲ್ಲಿ. ಹಿಂದೆ ಅವೀಸಿಯನ್ನು ಕೈಬಿಟ್ಟು ಸಿಸ್ಕೊ ಕಡೆಗೆ ಹೋದ ಅದೇ ಎಟಿ ಅಂಡ್ ಟಿ, ತೈವಾನಿನ ಯೂಫಿಸ್ಪೇಸ್ ತಯಾರಿಸಿದ ಪೆಟ್ಟಿಗೆ, ಬ್ರಾಡ್‌ಕಾಮಿನ ಚಿಪ್, ಇಸ್ರೇಲಿನ ಡ್ರೈವ್‌ನೆಟ್ಸ್ ಬರೆದ ತಂತ್ರಾಂಶ ಈ ಮೂರನ್ನು ಕೂಡಿಸಿ ತನ್ನ ಜಾಲದ ಮಧ್ಯಭಾಗದಲ್ಲಿ ಬಳಸುತ್ತಿರುವುದಾಗಿ ಪ್ರಕಟಿಸಿತು. ಗಾಳಿ ಬೀಸುವ ದಿಕ್ಕನ್ನು ಸಿಸ್ಕೊ ಮೊದಲೇ ಅರಿತಿತ್ತೆನ್ನಬೇಕು. 2016ರಲ್ಲಿ ಇಸ್ರೇಲಿನ ಲೀಬಾ ಎಂಬ ಚಿಪ್ ಕಂಪನಿಯನ್ನು 32 ಕೋಟಿ ಡಾಲರಿಗೆ ಕೊಂಡಿದ್ದ ಅದು, 2019ರ ಡಿಸೆಂಬರಿನಲ್ಲಿ ಸಿಲಿಕಾನ್ ಒನ್ ಎಂಬ ಚಿಪ್ ಅನ್ನು ಹೊರತಂದು, ಅದನ್ನು ಬಿಡಿಯಾಗಿಯೂ ಮಾರಲು ಒಪ್ಪಿಕೊಂಡಿತು. ಮೂವತ್ತೈದು ವರ್ಷ ಇಡಿಯಾಗಿ ಮಾತ್ರ ಮಾರಿದವರು ಬಿಡಿ ಮಾರಾಟಕ್ಕೆ ಇಳಿದದ್ದು ಸಣ್ಣ ಬದಲಾವಣೆಯಲ್ಲ. 2000ದ ಮಾರ್ಚಿನ ಷೇರು ಬೆಲೆಯನ್ನು ಸಿಸ್ಕೊ ಮತ್ತೆ ಮುಟ್ಟಲು 2025ರ ಡಿಸೆಂಬರ್ ಬರಬೇಕಾಯಿತು. ಅದೇ ವರ್ಷದ ಜುಲೈನಲ್ಲಿ ಜುನಿಪರ್ ಸುಮಾರು 1,400 ಕೋಟಿ ಡಾಲರಿಗೆ ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್ ಕಂಪನಿಯೊಳಗೆ ಲೀನವಾಯಿತು. ಅಮೆರಿಕದ ನ್ಯಾಯ ಇಲಾಖೆ ಇದನ್ನು ಪ್ರಶ್ನಿಸಿತ್ತಾದರೂ ಅದರ ಆಕ್ಷೇಪಣೆ ಇದ್ದದ್ದು ಕಚೇರಿಗಳ ನಿಸ್ತಂತು ಜಾಲದ ಉಪಕರಣಗಳ ಬಗ್ಗೆ. ಬೃಹತ್ ರೂಟರ್‌ಗಳ ಬಗ್ಗೆ ಅಲ್ಲ.

ನಮ್ಮ ಕಡೆಯ ವಿಚಾರ

ಬೆಂಗಳೂರಿಗೆ ಈ ಉದ್ಯಮದ ನಂಟು ಹಳೆಯದು. ಸಿಸ್ಕೊ 2007ರಲ್ಲಿ ತನ್ನ ಪೂರ್ವದ ಜಾಗತಿಕ ಕೇಂದ್ರವನ್ನು ಇಲ್ಲಿ ತೆರೆಯಿತು. ಜುನಿಪರಿನ ದೊಡ್ಡ ಅಭಿವೃದ್ಧಿ ಕೇಂದ್ರವೂ ಇಲ್ಲಿಯೇ ಬೆಳೆಯಿತು. ತಂತ್ರಾಂಶದ ಕೆಲಸ ಇಲ್ಲಿ, ಯಂತ್ರದ ತಯಾರಿಕೆ ಹೊರದೇಶಗಳಲ್ಲಿ ಎಂಬ ಏರ್ಪಾಡು ಬಹುಕಾಲ ನಡೆಯಿತು. ಈಗ ಎರಡು ಕಾರಣಗಳಿಂದ ಅದು ಸ್ವಲ್ಪ ಅಲುಗಿದೆ.

ಮೊದಲನೆಯದು ಸರ್ಕಾರದ ನೀತಿ. ದೂರಸಂಪರ್ಕ ಜಾಲಗಳಿಗೆ ‘ವಿಶ್ವಾಸಾರ್ಹ ಮೂಲ’ಗಳಿಂದ ಬಂದ ಉಪಕರಣಗಳನ್ನು ಮಾತ್ರ ಸೇರಿಸತಕ್ಕದ್ದು ಎಂಬ ಕೇಂದ್ರದ ನಿರ್ದೇಶನ 2021ರ ಜೂನ್ 15ರಿಂದ ಜಾರಿಯಲ್ಲಿದೆ. ಇದಕ್ಕೆ ಮೊದಲೇ, 2017ರ ಸಾರ್ವಜನಿಕ ಖರೀದಿ ಆದೇಶ ದೇಶೀಯ ಉತ್ಪನ್ನಗಳಿಗೆ ಆದ್ಯತೆ ಕೊಟ್ಟಿತ್ತು. 2020ರ ತಿದ್ದುಪಡಿಯಂತೆ ಮೊದಲ ದರ್ಜೆಯ ಸ್ಥಳೀಯ ಪೂರೈಕೆದಾರನೆನಿಸಲು ಸಾಮಾನ್ಯವಾಗಿ ಶೇ. 50ರಷ್ಟು ದೇಶೀಯ ಅಂಶವಿರಬೇಕು. ಎರಡನೆಯದು ಮೇಲೆ ಹೇಳಿದ ಚಿಪ್‌ಗಳ ಬಿಡಿ ಮಾರಾಟ. ಚಿಪ್ ಕೊಳ್ಳಲು ಸಿಗುವುದಾದರೆ ಉಳಿದದ್ದನ್ನು ಇಲ್ಲಿಯೇ ಕಟ್ಟಬಹುದು. 2024ರ ಮಾರ್ಚಿನಲ್ಲಿ, ಆಗ ದೂರಸಂಪರ್ಕ ಖಾತೆ ಹೊಂದಿದ್ದ ಸಚಿವ ಅಶ್ವಿನಿ ವೈಷ್ಣವ್ ಬೆಂಗಳೂರಿನಲ್ಲಿ ನಿವೆಟ್ಟಿ ಸಿಸ್ಟಮ್ಸ್ ಕಂಪನಿಯ 2.4 ಟೆರಾಬಿಟ್ ಸಾಮರ್ಥ್ಯದ ರೂಟರನ್ನು ಬಿಡುಗಡೆ ಮಾಡಿದರು. ಪ್ರಪಂಚದ ಮುಂಚೂಣಿಯಲ್ಲಿ ಈಗ ಒಂದೇ ಚಿಪ್ 51.2 ಟೆರಾಬಿಟ್ ಅಥವಾ ಅದಕ್ಕೂ ಹೆಚ್ಚು ದಾಟಿಸುವುದರಿಂದ ಈ ಅಂಕಿ ಚಿಕ್ಕದೆನಿಸಬಹುದು. ಆದರೆ ಜಾಲದಲ್ಲಿ ಮಧ್ಯಭಾಗಕ್ಕಿಂತ ಅಂಚೇ ವಿಸ್ತಾರವಾದದ್ದು, ಮತ್ತು ಹೊಸಬನಿಗೆ ಅಂಚಿನಲ್ಲಿಯೂ ಬಾಗಿಲು ತೆರೆಯುತ್ತದೆ ಎಂಬುದನ್ನು ಟೈಮೆಟ್ರಾದ ಕಥೆಯಲ್ಲಿ ಕಂಡೆವು. ಸಿಸ್ಕೊ ಕೂಡ ಗುತ್ತಿಗೆ ತಯಾರಕ ಫ್ಲೆಕ್ಸ್ ಜೊತೆಗೂಡಿ 2024ರ ಸೆಪ್ಟೆಂಬರಿನಲ್ಲಿ ಚೆನ್ನೈಯಲ್ಲಿ ರೂಟರ್ ತಯಾರಿಕೆಗೆ ಕೈಹಾಕಿದೆ.

ನಮ್ಮ ಸಣ್ಣ ಉದ್ದಿಮೆದಾರರಿಗೆ ಇದರಲ್ಲಿ ಕೆಲಸ ಸಿಗುವುದಾದರೆ ಅದು ಚಿಪ್‌ನಲ್ಲಿ ಅಲ್ಲ. ರೂಟರ್ ಪೆಟ್ಟಿಗೆಯ ಉಳಿದ ಭಾಗವೆಲ್ಲ ನಮಗೆ ಪರಿಚಿತವಾದ ಕಸುಬುಗಳೇ: ತಗಡಿನ ಕವಚ, ಅಲ್ಯೂಮಿನಿಯಮಿನ ಶಾಖಹೀರುಕ, ಫ್ಯಾನುಗಳ ಜೋಡಣೆ, ವಿದ್ಯುತ್ ಪೂರೈಕೆಯ ಘಟಕ, ತಂತಿಕಟ್ಟು. ಚಿಪ್ ಆಮದಾಗಿಯೇ ಉಳಿಯುವಾಗ ದೇಶೀಯ ಅಂಶದ ಶೇಕಡಾವಾರು ತುಂಬಬೇಕಾದದ್ದು ತಂತ್ರಾಂಶದಿಂದ ಮತ್ತು ಇವುಗಳಿಂದಲೇ. ಹಾಗಾಗಿ ತಯಾರಕರು ಸ್ಥಳೀಯ ಪೂರೈಕೆದಾರರನ್ನು ಹುಡುಕಿಕೊಂಡು ಬರುವ ಸಂಭವವಿದೆ. ಬಂದವರು ಬೆಲೆಯ ಜೊತೆಗೆ ಕಾಗದಪತ್ರವನ್ನೂ ಕೇಳುತ್ತಾರೆ. ವಿಶ್ವಾಸಾರ್ಹ ಮೂಲದ ಅನುಮೋದನೆಗೆ ಮುಖ್ಯ ಬಿಡಿಭಾಗಗಳು ಎಲ್ಲಿಂದ ಬಂದವೆಂಬ ವಿವರ ಸಲ್ಲಿಸಬೇಕಾಗಿರುವುದರಿಂದ, ವಿದ್ಯುತ್ ಘಟಕ ಕಟ್ಟುವವರು ಅದರೊಳಗಿನ ನಿಯಂತ್ರಕ ಚಿಪ್ ಯಾವ ದೇಶದ್ದು, ಯಾವ ಬಿಲ್ಲಿನ ಮೇಲೆ ಬಂದದ್ದು ಎಂಬುದನ್ನು ತೋರಿಸಲು ಸಿದ್ಧರಿರಬೇಕು. ಎಸ್.ಪಿ. ರಸ್ತೆಯಲ್ಲಿ ಕೈಬದಲು ತಂದ ಮಾಲಿಗೆ ಇಂತಹ ಬಿಲ್ಲು ಹುಟ್ಟುವುದಿಲ್ಲ.